ಡೇಟಾದ ಆಯಸ್ಸು ಬರೆಯುವ ಬ್ರಹ್ಮರು

ಫೋನ್ ಕರೆಯ ದಾಖಲೆಗೂ ಜಾತಕ ಇರುತ್ತದೆ. ನಕ್ಷತ್ರ, ರಾಶಿ ಏನೂ ಬೇಡ. ಹುಟ್ಟಿದ ದೇಶ ಹೇಳಿದರೆ ಸಾಕು, ಆಯಸ್ಸು, ಅಂದರೆ ಟೆಲಿಕಾಂ ಕಂಪನಿ ಅದನ್ನು ಎಷ್ಟು ಕಾಲ ಅಳಿಸದೆ ಇಟ್ಟುಕೊಳ್ಳಬೇಕು ಅನ್ನುವುದನ್ನು, ಹೇಳಿಬಿಡಬಹುದು. ಆಸ್ಟ್ರೇಲಿಯಾದಲ್ಲಿ 2 ವರ್ಷ. ರಷ್ಯಾದಲ್ಲಿ 3 ವರ್ಷ. ಯಾರಿಗೆ ಫೋನ್ ಮಾಡಿದಿರಿ ಅನ್ನುವುದಷ್ಟೇ ಅಲ್ಲ, ಏನು ಮಾತಾಡಿದಿರಿ ಅನ್ನುವುದನ್ನೂ ಅಲ್ಲಿ 6 ತಿಂಗಳವರೆಗೆ ಎತ್ತಿಡಿಸುತ್ತಾರೆ. ಐರೋಪ್ಯ ಒಕ್ಕೂಟ 2006ರಲ್ಲಿ 6 ತಿಂಗಳಿಂದ 2 ವರ್ಷ ಅಂದಿತು. 2014ರಲ್ಲಿ ಅದರದೇ ನ್ಯಾಯಾಲಯ ಆ ನಿಯಮವನ್ನು ರದ್ದು ಮಾಡಿತು. ಜರ್ಮನಿ ಹಟ ಬಿಡದೆ ಮರುವರ್ಷವೇ 10 ವಾರದ ಹೊಸ ಕಾನೂನು ತಂದಿತು. 2022ರಲ್ಲಿ ಅದಕ್ಕೂ ಅದೇ ನ್ಯಾಯಾಲಯ ಕೊಕ್ಕೆ ಹಾಕಿತು. ಪಾಪ, ಅಲ್ಲಿ ಕಾನೂನುಗಳೇ ಅಲ್ಪಾಯುಷಿಗಳು.

ನಮ್ಮಲ್ಲಿ ಹಾಗಲ್ಲ. ರಾತ್ರಿ 11 ಗಂಟೆಗೆ ನೀವು ಭಾವಮೈದುನನಿಗೆ ಫೋನ್ ಮಾಡಿ ಕೈಸಾಲ ಕೇಳಿದಿರಿ ಅನ್ನಿ. ಅವನು ಕೊಡಲಿಲ್ಲ. ಬೆಳಗಾಗುವಷ್ಟರಲ್ಲಿ ಅವನು ಮರೆತ. ಆದರೆ ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಯಾವ ಟವರ್‌ನಿಂದ ಅನ್ನುವುದನ್ನು ಟೆಲಿಕಾಂ ಕಂಪನಿ 2 ವರ್ಷ ಮರೆಯುವಂತಿಲ್ಲ. ಮೊದಲು 1 ವರ್ಷ ಇತ್ತು, 2021ರ ಡಿಸೆಂಬರ್‌ನಲ್ಲಿ ಡಬಲ್ ಆಯಿತು. 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಇನ್ನೂ ಮುಂದೆ ಹೋಯಿತು. ಇಂಟರ್ನೆಟ್‌ನಲ್ಲಿ ನಮ್ಮ ಗುರುತು ಮರೆಮಾಚುವ ವಿಪಿಎನ್ ಕಂಪನಿಗಳು ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರ್ 5 ವರ್ಷ ಇಟ್ಟುಕೊಳ್ಳಬೇಕಂತೆ. ಅವರು ಮಾರುವುದೇ ಗುಟ್ಟನ್ನು! ಎಕ್ಸ್‌ಪ್ರೆಸ್‌ವಿಪಿಎನ್ ಈ ಸಹವಾಸವೇ ಬೇಡ ಅಂತ ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದುಬಿಟ್ಟಿತು.

ಇಷ್ಟು ನೆನಪಿನ ಶಕ್ತಿ ಇರುವ ದೇಶದಲ್ಲಿ ಮತಗಟ್ಟೆಯ ಸಿಸಿಟಿವಿ ದೃಶ್ಯಕ್ಕೆ ಎಷ್ಟು ಆಯಸ್ಸು ಗೊತ್ತಾ? 45 ದಿನ. ಫಲಿತಾಂಶ ಬಂದು ಅಷ್ಟರೊಳಗೆ ಯಾರೂ ಕೋರ್ಟಿಗೆ ಹೋಗದಿದ್ದರೆ ಅಳಿಸಬಹುದು ಅಂತ 2025ರ ಮೇ ತಿಂಗಳಲ್ಲಿ ಚುನಾವಣಾ ಆಯೋಗ ತಿಳಿಸಿತು. ತಕರಾರು ಅರ್ಜಿಗೆ ಕಾನೂನಿನ ಗಡುವೂ 45 ದಿನವೇ, ಆದ್ದರಿಂದ ಲೆಕ್ಕ ಸರಿಯಾಗಿದೆ. ದೃಶ್ಯಗಳು ದುರ್ಬಳಕೆ ಆಗುತ್ತಿವೆ ಅನ್ನುವುದು ಆಯೋಗದ ಇನ್ನೊಂದು ಕಾರಣ. ಒಪ್ಪೋಣ. ನಮ್ಮ ಕರೆ ದಾಖಲೆಯನ್ನು ಯಾರೂ ದುರ್ಬಳಕೆ ಮಾಡಿಕೊಳ್ಳಲ್ಲ ಅಲ್ವಾ, ಅದಕ್ಕೇ ಅದು 2 ವರ್ಷ ಸುಖವಾಗಿರುತ್ತದೆ.

ಮುಂದಿನ ಸಲ ಓಟು ಹಾಕಿ ಹೊರಗೆ ಬಂದ ಮೇಲೆ ಸುಮ್ನೆ ಭಾವಮೈದುನನಿಗೆ ಒಂದು ಫೋನ್ ಮಾಡಿ. ಸಾಲ ಸಿಗದಿದ್ದರೂ ಪರವಾಗಿಲ್ಲ. ನೀವು ಆ ದಿನ ಮತಗಟ್ಟೆ ಹತ್ತಿರ ಇದ್ದಿರಿ ಅನ್ನುವುದಕ್ಕೆ ಟವರ್ ಆದರೂ ಸಾಕ್ಷಿ ಹೇಳುತ್ತದೆ.