ಸರಿಗಮಕ್ಕೂ ಒಬ್ಬ ಮಾಲೀಕ

ನಮ್ಮ ಅತ್ತಿಗೆ ಮೂವತ್ತು ವರ್ಷದಿಂದ ಓಣಿಯ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಾರೆ. ಊರು ಬಿಟ್ಟು ಹೋದ ಶಿಷ್ಯರಿಗೂ ಅನುಕೂಲವಾಗಲಿ ಅಂತ ಸರಳೆವರಸೆಯ, ಅಂದರೆ ಸ್ವರಗಳ ಮೊದಲ ಪಾಠದ, ಒಂದು ವಿಡಿಯೊ ಮಾಡಿ ಆನ್‌ಲೈನ್‌ಗೆ ಹಾಕಿದರು. ಶ್ರುತಿಪೆಟ್ಟಿಗೆ, ಅವರದೇ ಗಂಟಲು, ಹಿಂದೆ ಎರಡು ಸಲ ಕುಕ್ಕರ್ ಕೂಗಿದ್ದು. ಇಷ್ಟೇ. ಮರುದಿನ ಮೇಲ್ ಬಂತು. ವಿಡಿಯೊದಲ್ಲಿ ಬೇರೆಯವರ ಹಕ್ಕಿನ ಸಂಗೀತ ಇದೆಯಂತೆ, ಜಾಹೀರಾತಿನ ದುಡ್ಡು ಬಂದರೆ ಅವರಿಗೇ ಅಂತೆ.

"ಯಾವುದಂತೆ ಕಣೋ? ಕುಕ್ಕರ್‌ದಾ?" ಅಂದರು ಅತ್ತಿಗೆ.

ಅಲ್ಲ. ಸ ರಿ ಗ ಮ ಪ ದ ನಿ ಸ.

ಎಂಥ ಕಿವಿ ಸ್ವಾಮಿ, ವಿಡಿಯೊಗಳ ಸದ್ದು ಹೋಲಿಸಿ ನೋಡುವ ಆ ಯಂತ್ರದ್ದು! ಆ ಪಾಠದ ರಾಗ ಮಾಯಾಮಾಳವಗೌಳವನ್ನು ಗುರುತು ಹಿಡಿಯೋಕೆ ನನಗೆ ಎರಡು ವರ್ಷ ಬೇಕಾಗಿತ್ತು. ಇದು ಒಂದೇ ರಾತ್ರಿಯಲ್ಲಿ ರಾಗವನ್ನೂ ಹಿಡಿಯಿತು, ರಾಗಕ್ಕೊಬ್ಬ ಮಾಲೀಕನನ್ನೂ ಹುಡುಕಿಕೊಟ್ಟಿತು.

ಮಕ್ಕಳಿಗೆ ಈ ಪಾಠದ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ಸಂಗೀತದವರು ಹೇಳುತ್ತಾರೆ. ಅವರು ತೀರಿಕೊಂಡಿದ್ದು 1564ರಲ್ಲಿ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಹಾಡು ಕಟ್ಟಿದವರ ಹಕ್ಕು ಅವರು ಸತ್ತ ಮೇಲೆ 60 ವರ್ಷ. ಆ ಲೆಕ್ಕ ಹಿಡಿದರೂ 1624ಕ್ಕೇ ಬಾಕಿ ಚುಕ್ತಾ. ಧ್ವನಿಮುದ್ರಣದ ಹಕ್ಕು ಬೇರೆ, ಒಪ್ಪೋಣ. ಆದರೆ ಅತ್ತಿಗೆ ಯಾರ ಕ್ಯಾಸೆಟ್ಟನ್ನೂ ಹಾಕಿರಲಿಲ್ಲವಲ್ಲ!

ದಾಸರ ಮೂಗುತಿ ಕಥೆ ಗೊತ್ತಲ್ವಾ? ಗಿರವಿ ಅಂಗಡಿಯ ಶ್ರೀನಿವಾಸ ನಾಯಕ, ಕಡು ಜಿಪುಣ. ಹೆಂಡತಿ ದಾನ ಕೊಟ್ಟ ಮೂಗುತಿ ಅವನ ಅಂಗಡಿಗೇ ಬಂತು. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಮನೆಗೆ ಬಂದರೆ ಅದೇ ಮೂಗುತಿ ಹೆಂಡತಿಯ ವಿಷದ ಬಟ್ಟಲಲ್ಲಿ. ಅಲ್ಲಿಗೆ ಆಸ್ತಿಯೆಲ್ಲ ಬಿಟ್ಟು ತಂಬೂರಿ ಹಿಡಿದು ಹೊರಟರು. ಹೋಗುವಾಗ ಅಂಗಡಿಗೆ ಬಾಗಿಲು ಹಾಕಿದರೋ ಇಲ್ಲವೋ, ಈಗ ಯಾರೋ ಒಳಗೆ ಕೂತಿದ್ದಾರೆ. ಅವರ ಹಾಡನ್ನೇ ಗಿರವಿ ಇಟ್ಟುಕೊಂಡಿದ್ದಾರೆ.

ಇದು ನಮ್ಮ ಓಣಿಯ ಪಾಡು ಮಾತ್ರ ಅಲ್ಲ. 2018ರಲ್ಲಿ ಜೇಮ್ಸ್ ರೋಡ್ಸ್ ಅನ್ನೋ ಪಿಯಾನೊ ಕಲಾವಿದ ಜರ್ಮನಿಯ ಹಳೇ ಸಂಗೀತಗಾರ ಬಾಖ್‌ನ ಕೃತಿಯನ್ನು ತಾನೇ ನುಡಿಸಿ ಫೇಸ್‌ಬುಕ್‌ಗೆ ಹಾಕಿದ. ಅದರಲ್ಲಿ 47 ಸೆಕೆಂಡು ನಮ್ಮದು ಅಂತ ಸೋನಿ ಮ್ಯೂಸಿಕ್ ಹೇಳಿತು. ಬಾಖ್ ಸತ್ತಿದ್ದು 1750ರಲ್ಲಿ. ಆಸ್ಟ್ರೇಲಿಯಾದ ಒಬ್ಬ ಸಂಗೀತಗಾರ ಯೂಟ್ಯೂಬ್‌ಗೆ ಹಾಕಿದ್ದ ಹತ್ತು ಗಂಟೆಯ ಬರೀ 'ಶ್ಶ್‌ಶ್' ಸದ್ದಿಗೆ 2018ರಲ್ಲೇ ಐದು ಹಕ್ಕುದಾವೆ ಬಿದ್ದವು. ಐದು! ನಮ್ಮ ಕುಕ್ಕರ್ ಹೇಗೋ ಬಚಾವಾಗಿದೆ.

ಹಾಗಂತ ಪಾಠದ ವಿಡಿಯೊ ಹಾಕುವ ನಾವೇನು ಸಾಚಾ ಅಲ್ಲ. ದ್ಯುತಿಸಂಶ್ಲೇಷಣೆ ಪಾಠಕ್ಕೆ ಹೀರೋ ಎಂಟ್ರಿ ಮ್ಯೂಸಿಕ್ ಯಾಕೆ ಬೇಕು? ಎಲೆ ಏನು ಸ್ಲೋ ಮೋಷನ್‌ನಲ್ಲಿ ನಡೆದು ಬರುತ್ತಾ? ಕೆಳಗೆ ಒಂದು ಸಾಲು: 'ಹಾಡಿನ ಹಕ್ಕು ಮೂಲ ಮಾಲೀಕರದ್ದೇ'. ಕೋಳಿ ಕದ್ದು ಸಾರು ಮಾಡಿ, ಪಾತ್ರೆಯ ಮೇಲೆ ಪಕ್ಕದ ಮನೆಯವರ ಹೆಸರು ಬರೆದ ಹಾಗೆ. ಇನ್ನು 'ಹತ್ತು ಸೆಕೆಂಡು ಒಳಗಿದ್ರೆ ಏನೂ ಆಗಲ್ಲ ಸಾರ್' ಅನ್ನೋ ಪಂಡಿತರು. ಅಂಥ ಸೆಕೆಂಡಿನ ಲೆಕ್ಕ ನಮ್ಮ 1957ರ ಕಾಯ್ದೆಯಲ್ಲಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಅಪ್ಪ ಅಮ್ಮಂದಿರ ಮುಂದೆ ಮಕ್ಕಳು ಸಿನಿಮಾ ಹಾಡಿಗೆ ಕುಣಿಯೋಕೆ 52ನೇ ಕಲಮಿನಲ್ಲಿ ರಿಯಾಯಿತಿ ಇದೆ. ಆ ಕುಣಿತವನ್ನು ಲೋಕಕ್ಕೆಲ್ಲ ಹಂಚಿದರೆ ರಿಯಾಯಿತಿ ಜೊತೆಗೆ ಬರಲ್ಲ.

ಆದರೆ ಸಿನಿಮಾ ಹಾಡನ್ನೇ ಸ್ವಲ್ಪ ಕೀರಲು ದನಿಗೆ ತಿರುಗಿಸಿ ಹಾಕುವವರು ಎಷ್ಟೋ ಸಲ ಯಂತ್ರದ ಕಿವಿ ತಪ್ಪಿಸಿ ಆರಾಮಾಗಿದ್ದಾರೆ. ಸಿಕ್ಕಿಬೀಳೋದು ಶ್ರುತಿ ಸರಿಯಾಗಿ ಹಾಡುವವರು. ಯೂಟ್ಯೂಬ್‌ನಲ್ಲಿ ತಕರಾರು ಹಾಕಿದರೆ ಅದು ಮೊದಲು ಹೋಗೋದು ಹಕ್ಕು ಕೇಳಿದವರ ಮೇಜಿಗೇ. ಅವರಿಗೆ ಉತ್ತರಿಸಲು 30 ದಿನ. ಕಳ್ಳತನ ಹೊರಿಸಿದವನೇ ಜಡ್ಜು. ನಗೋಕೆ ಕೂತಿದ್ದೆ, ನಿಜಕ್ಕೂ ನಗು ಬರುತ್ತಿಲ್ಲ. ಅರವತ್ತೆರಡು ವರ್ಷದ ಹೆಂಗಸು, ಪುಕ್ಕಟೆ ಪಾಠ ಹೇಳಿ, ನಾನು ಕದ್ದಿಲ್ಲಪ್ಪ ಅಂತ ಫಾರಂ ತುಂಬಬೇಕು.

ಅತ್ತಿಗೆ ತುಂಬಲಿಲ್ಲ. ಆ ವಿಡಿಯೊ ತೆಗೆದು ಹೊಸದು ಹಾಕಿದ್ದಾರೆ. ಅದರಲ್ಲಿ ದನಿಯೇ ಇಲ್ಲ, ತೊಡೆ ಮೇಲೆ ಕೈ ತಟ್ಟುತ್ತಾ ತಾಳ ಮಾತ್ರ. ನಾಲ್ಕು ದಿನವಾಯಿತು. ಆದಿತಾಳ ನಮ್ಮದು ಅಂತ ಇನ್ನೂ ಯಾರೂ ಬಂದಿಲ್ಲ.