ಅವರೇ ಬಂದು ಕೇಳಲಿ ಅಂತ ಕಾಯಬೇಡಿ

ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿಗೆ ಬಂದ ಮಕ್ಕಳ ಬಗ್ಗೆ ನಾವು ಮೇಷ್ಟ್ರುಗಳು ಆಗಾಗ ಹೇಳುವ ಮಾತೊಂದಿದೆ: 'ಕೇಳಿದ್ದರೆ ಹೇಳುತ್ತಿದ್ದೆವಲ್ಲ.' ಈ ಮಾತು ನಮ್ಮ ಬಾಯಲ್ಲಿ ಬರಬಾರದು. ಕೇಳಬೇಕಾದರೆ ಅಂಥದ್ದೊಂದು ಇದೆ ಅಂತ ಮೊದಲು ಗೊತ್ತಿರಬೇಕು, ಅಲ್ವಾ?

ಸ್ಕಾಲರ್‌ಶಿಪ್ಪನ್ನೇ ನೋಡಿ. ಎಸ್‌ಎಸ್‌ಪಿ ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಲು ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಆದಾಯ ಪತ್ರ ನಡೆಯುವುದು 5 ವರ್ಷ ಮಾತ್ರ. ಹೈಸ್ಕೂಲಿಗೆ ಮಾಡಿಸಿದ್ದು ಡಿಗ್ರಿ ಹೊತ್ತಿಗೆ ಮುಗಿದಿರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಅದೆಲ್ಲ ಸರಿಯಾದರೂ ಬ್ಯಾಂಕ್ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಬರಲು ಆಧಾರ್ ಜೋಡಣೆ, ಆಗಿಲ್ಲದಿದ್ದರೆ ದುಡ್ಡು ಬರುವುದಿಲ್ಲ. ಹಾಸ್ಟೆಲ್‌ಗೆ ಬೇರೆ ಅರ್ಜಿ, ಬೇರೆ ಕೊನೆ ದಿನ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಶುರುವಾದ ವಿದ್ಯಾಸಿರಿ ಇದೆ. ಅದರ ಹೆಸರನ್ನೇ ಕೇಳದವರು ಎಷ್ಟೋ ಜನ. ಓದಿದವರಿರುವ ಮನೆಯಲ್ಲಿ ಅಕ್ಕನೋ ಚಿಕ್ಕಪ್ಪನೋ ಫೋನಿನಲ್ಲೇ ಇದನ್ನೆಲ್ಲ ಹೇಳಿಕೊಡುತ್ತಾರೆ. ಇವರಿಗೆ ಆ ಫೋನ್ ಇಲ್ಲ. ನೋಟಿಸ್ ಬೋರ್ಡ್ ಮಾತ್ರ ಇದೆ.

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ನೋಡಿ. 2023ರ ಜೂನ್ 11ಕ್ಕೆ ಶುರುವಾಯಿತು. ಹುಡುಗಿಯರು ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಟಿಕೆಟ್ ಕೊಡುತ್ತಾರೆ. ಅರ್ಜಿಯಿಲ್ಲ, ಕೊನೆ ದಿನವಿಲ್ಲ. ಅದಕ್ಕೇ ಅದು ಅವರ ಕೈಗೆ ಸಿಕ್ಕಿತು. ಕಾಲೇಜಿನ ಒಳಗಿನ ಸಹಾಯವೂ ಹೀಗೇ ತಾನಾಗಿ ತಲುಪಬೇಕು.

ಪಾಠದಲ್ಲೂ ಅದೇ ಕಥೆ. ಪಿಯುಸಿವರೆಗೆ ಕನ್ನಡದಲ್ಲಿ ಓದಿದ ಹುಡುಗ ಬಿ.ಕಾಂ.ನಲ್ಲಿ ಇಂಗ್ಲಿಷ್ ಪುಸ್ತಕದ ಮುಂದೆ ಕೂರುತ್ತಾನೆ. 'ಅರ್ಥ ಆಯ್ತಾ?' ಅಂದರೆ ತಲೆಯಾಡಿಸುತ್ತಾನೆ. ಅದನ್ನು ಒಪ್ಪಿಗೆ ಅಂತ ತಿಳಿಯಬೇಡಿ. ಇಂಟರ್ನಲ್ಸ್ ಅಂದರೇನು, ಮರುಮೌಲ್ಯಮಾಪನಕ್ಕೆ ಯಾವಾಗ ಫೀಸು ಕಟ್ಟಬೇಕು, ಹಾಜರಾತಿ ಕಮ್ಮಿಯಾದರೆ ಏನಾಗುತ್ತದೆ, ಇದನ್ನೆಲ್ಲ ಮೊದಲ ವಾರದಲ್ಲೇ ಕನ್ನಡದಲ್ಲಿ ಕೂರಿಸಿಕೊಂಡು ಹೇಳಿ. ಮನೆಯವರನ್ನೂ ಕರೆಸಿ ಹೇಳಿ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ತೋರಿಸಲು ಅಂತ ಎಲ್ಲ ಕಡೆ ಮೆಂಟರ್ ಪಟ್ಟಿ, ಅಂದರೆ ಯಾವ ಮಕ್ಕಳನ್ನು ಯಾವ ಮೇಷ್ಟ್ರು ನೋಡಿಕೊಳ್ಳಬೇಕು ಅನ್ನುವ ಪಟ್ಟಿ, ಇದ್ದೇ ಇದೆ. ಆ ಪಟ್ಟಿಯಲ್ಲಿ ಹೆಸರಿರುವವರು ಒಂದು ವಾರ ಬಾರದ ಹುಡುಗಿಗೆ ಒಂದು ಫೋನ್ ಮಾಡಿದರೂ ಸಾಕು. ಅಡಿಕೆ ಸುಲಿಯಲು ಹೋಗಿರಬಹುದು, ಮದುವೆ ಮಾತುಕತೆ ನಡೆಯುತ್ತಿರಬಹುದು. ಬೇಗ ಗೊತ್ತಾದರೆ ಮಾತಾಡಬಹುದು. ಆದರೆ ಇದನ್ನೂ ಸುಮ್ನೆ ಅತಿಥಿ ಉಪನ್ಯಾಸಕರ ಹೆಗಲಿಗೆ ಹಾಕಬೇಡಿ. ಅವರ ಕೆಲಸಕ್ಕೇ ಭದ್ರತೆ ಇಲ್ಲ. ಈ ಕೆಲಸಕ್ಕೆ ಬೇರೆ ದುಡ್ಡು ಕೊಡಿ.

ಈ ಅಡ್ಮಿಷನ್ ಸಮಯದಲ್ಲಿ ಪ್ರಾಂಶುಪಾಲರು ಮಾಡಬಹುದಾದದ್ದು ಇಷ್ಟು: ಆಫೀಸಿನ ಪಕ್ಕದಲ್ಲಿ ಒಂದು ಟೇಬಲ್, ಒಂದು ಕಂಪ್ಯೂಟರ್, ಹೋದ ವರ್ಷ ಇದೇ ಅರ್ಜಿ ತುಂಬಿ ಪಾಡುಪಟ್ಟ ಇಬ್ಬರು ಸೀನಿಯರ್ ಮಕ್ಕಳು. ಅವರಿಗೊಂದಿಷ್ಟು ಗೌರವಧನ. ಅಡ್ಮಿಷನ್ ಆದ ಪ್ರತಿಯೊಬ್ಬರೂ ಆ ಟೇಬಲ್ ದಾಟಿಯೇ ಹೋಗಲಿ.