ಎಳನೀರು ಸರಕಲ್ಲ, ಸೇವೆ

ಮೈಸೂರಿನ ಗೋಕುಲಂನಲ್ಲಿ ಬೆಳಗ್ಗೆ ಯೋಗ ಮುಗಿಸಿ, ಸುತ್ತಿದ ಚಾಪೆಯನ್ನು ಬೆನ್ನಿಗೇರಿಸಿಕೊಂಡು ಬರುವ ವಿದೇಶಿಯರಿಗಾಗಿ ನಮ್ಮ ಎಳನೀರಣ್ಣ ಕಾದು ನಿಂತಿರುತ್ತಾರೆ. ಮದ್ದೂರಿನ ಕಡೆಯ ಕಾಯಿ. ಅಂಗೈಯಲ್ಲಿ ತಿರುಗಿಸಿ, ಬೆರಳಿನಿಂದ ತಟ್ಟಿ ನೋಡಿ, ಮಚ್ಚಿನಿಂದ ಮೂರೇ ಏಟು. ಮೂರನೆಯದಕ್ಕೆ ಬಾಯಿ ತೆರೆಯುತ್ತದೆ, ಒಂದು ಹನಿಯೂ ಚೆಲ್ಲುವುದಿಲ್ಲ. ಕುಡಿದಾದ ಮೇಲೆ ಕಾಯನ್ನು ಎರಡು ಹೋಳು ಮಾಡಿ, ಅದರದೇ ಸಿಪ್ಪೆಯ ಚೂರನ್ನು ಚಮಚದಂತೆ ಸೀಳಿ ಕೊಡುತ್ತಾರೆ, ಗಂಜಿ ಕೆರೆದು ತಿನ್ನಲು.

ತಾನೊಬ್ಬ ರಫ್ತುದಾರ ಎಂಬುದು ಈ ಮನುಷ್ಯನಿಗೇ ಗೊತ್ತಿಲ್ಲ.

ಅವರ ಎಳನೀರನ್ನು ನಾನು ಕುಡಿದರೆ ಅದು ಬರೀ ಎಳನೀರು. ಅದೇ ಗೊನೆಯ ಕಾಯಿ ಪೆಟ್ಟಿಗೆಯೊಳಗೆ ಕುಳಿತು ಹಡಗು ಹತ್ತಿದರೆ ಸರಕಿನ ರಫ್ತು. ರೋಗಕೀಟವಿಲ್ಲವೆಂಬ ಪ್ರಮಾಣಪತ್ರ ಬೇಕು, ಸುಂಕದವರ ಮುದ್ರೆ ಬೇಕು. ಆದರೆ ಯುರೋಪಿನ ಹುಡುಗಿಯೊಬ್ಬಳು ರಸ್ತೆ ಬದಿಯಲ್ಲಿ ನಿಂತು ಅದನ್ನೇ ಹೀರಿದರೆ ಅದು ಸೇವೆಯ ರಫ್ತು! ತಮಾಷೆಯಲ್ಲ. ದೇಶ ದೇಶಗಳ ಪಾವತಿ ಲೆಕ್ಕ ಬರೆಯಲು ಅಂತರರಾಷ್ಟ್ರೀಯ ಹಣಕಾಸು ನಿಧಿ ಒಂದು ಕೈಪಿಡಿ ಮಾಡಿದೆ. ಪ್ರವಾಸಿಯು ಪರದೇಶದಲ್ಲಿ ತಿಂದದ್ದು, ಕುಡಿದದ್ದು, ಸ್ವಂತಕ್ಕೆ ಕೊಂಡದ್ದು ಬಹುಪಾಲು ‘ಪ್ರಯಾಣ’ ಎಂಬ ಸೇವೆಯ ಕಲಮಿಗೆ ಹೋಗುತ್ತದೆ ಎನ್ನುತ್ತದೆ ಅದು. ಅಂದರೆ ಎಳನೀರು ಏನು ಎಂಬುದು ತೆಂಗಿನ ಮರಕ್ಕೆ ಗೊತ್ತಿಲ್ಲ. ಕುಡಿಯುವವರ ಪಾಸ್‌ಪೋರ್ಟಿಗೆ ಗೊತ್ತು.

ಇದನ್ನು ವಿವರಿಸಿದಾಗ ಎಳನೀರಣ್ಣ ಮಚ್ಚನ್ನು ಕೆಳಗಿಟ್ಟು, “ಹಾಗಾದರೆ ಸಬ್ಸಿಡಿ ಏನಾದರೂ ಬರುತ್ತದೆಯೇ ಮೇಷ್ಟ್ರೇ?” ಎಂದು ಕೇಳಿದರು.

“ಗಾಡಿ ಎತ್ತಿಸಲು ಯಾರೂ ಬಾರದಿದ್ದರೆ ಅದನ್ನೇ ಸಬ್ಸಿಡಿ ಎಂದುಕೊಳ್ಳಿ” ಎಂದೆ.

ಸೇವೆಗಳ ವ್ಯಾಪಾರಕ್ಕೆ ಜಗತ್ತು ಒಂದು ಮನೆ ಕಟ್ಟಿಕೊಂಡಿದೆ. ಗ್ಯಾಟ್ಸ್ (ಸೇವಾ ವ್ಯಾಪಾರದ ಸಾಮಾನ್ಯ ಒಪ್ಪಂದ) ಎಂದು ಹೆಸರು, 1995ರ ಜನವರಿ 1ರಂದು ಗೃಹಪ್ರವೇಶ, ಯಜಮಾನಿಕೆ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯದು. ಮನೆಗೆ ನಾಲ್ಕು ಬಾಗಿಲು. ಸೇವೆ ತಾನೇ ತಂತಿಯ ಮೇಲೆ ಗಡಿ ದಾಟುವುದು ಒಂದನೆಯದು. ಗಿರಾಕಿಯೇ ಬರುವುದು ಎರಡನೆಯದು, ನಮ್ಮ ಎಳನೀರಿನ ಬಾಗಿಲು. ಕಂಪನಿ ಹೊರದೇಶದಲ್ಲಿ ಅಂಗಡಿ ತೆರೆಯುವುದು ಮೂರನೆಯದು. ಸೇವೆ ಮಾಡುವ ಮನುಷ್ಯ ತಾನೇ ಎದ್ದು ಹೋಗುವುದು ನಾಲ್ಕನೆಯದು. 2017ರ ವ್ಯಾಪಾರವನ್ನು ಈ ನಾಲ್ಕಕ್ಕೆ ಹಂಚಿ ನೋಡಿದ ಅದೇ ಸಂಸ್ಥೆಗೆ, ಮೂರನೆಯದರಲ್ಲಿ ಶೇ. 59ರಷ್ಟು ಹಾದುಹೋದದ್ದು ಕಂಡಿತು. ನಾಲ್ಕನೆಯದರಲ್ಲಿ ಶೇ. 3ಕ್ಕಿಂತ ಕಡಿಮೆ. ಅದು ಬಾಗಿಲಲ್ಲ, ಗವಾಕ್ಷಿ.

ಮನುಷ್ಯನಿಗೆ ಗವಾಕ್ಷಿಯಾದರೆ ಹೆಬ್ಬಾಗಿಲು ಯಾರಿಗೆ? ಕಾಗದಕ್ಕೆ, ಬಾವುಟಕ್ಕೆ, ಅಕ್ಷರಕ್ಕೆ.

ಐರ್ಲೆಂಡಿನ ಜಿಡಿಪಿ 2015ರ ಒಂದೇ ವರ್ಷದಲ್ಲಿ ಶೇ. 26.3ರಷ್ಟು ಬೆಳೆಯಿತೆಂದು ಮರುವರ್ಷ ಅಲ್ಲಿನ ಅಂಕಿಅಂಶ ಕಚೇರಿ ಪ್ರಕಟಿಸಿತು. ಆ ವರ್ಷ ಅಲ್ಲಿನ ಹಸುಗಳು ಅವಳಿ ಕರು ಹಾಕಿರಲಿಲ್ಲ, ಜನ ನಿದ್ದೆಗೆಟ್ಟು ದುಡಿದಿರಲೂ ಇಲ್ಲ. ಕೆಲವು ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಬೌದ್ಧಿಕ ಆಸ್ತಿಯನ್ನು ಐರಿಷ್ ಲೆಕ್ಕಪುಸ್ತಕಕ್ಕೆ ಸರಿಸಿದ್ದವು, ಹೆಚ್ಚಿನದೆಲ್ಲ ಅದೇ. ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ ಇದನ್ನು ‘ಲೆಪ್ರಕಾನ್ ಅರ್ಥಶಾಸ್ತ್ರ’ ಎಂದು ಕರೆದರು. ಲೆಪ್ರಕಾನ್ ಎಂದರೆ ಐರಿಷ್ ಜನಪದ ಕತೆಗಳ ಕುಳ್ಳ, ಚಿನ್ನದ ಕೊಡ ಬಚ್ಚಿಡುವವನು. ಕೊನೆಗೆ ಐರಿಷರೇ ನಾಚಿಕೊಂಡು, ತಮ್ಮ ನಿಜವಾದ ಆದಾಯ ಎಷ್ಟೆಂದು ತಿಳಿಯಲು ಬೇರೊಂದು ಅಳತೆಗೋಲು ಮಾಡಿ ಅದರ ಹೆಸರಿನ ಕೊನೆಗೆ ಒಂದು ನಕ್ಷತ್ರ ಅಂಟಿಸಿದರು. ಸೀರೆ ಅಂಗಡಿಯ ಜಾಹೀರಾತಿನಲ್ಲಿ ‘ಶೇ. 50 ರಿಯಾಯಿತಿ’ಯ ಪಕ್ಕ ಇರುತ್ತದಲ್ಲ, ಅದೇ ಜಾತಿಯ ನಕ್ಷತ್ರ.

ಇನ್ನು ಬಾವುಟ. ಶುಲ್ಕ ಕಟ್ಟಿ ನೋಂದಾಯಿಸಿದ ದೇಶದ ಬಾವುಟವನ್ನೇ ಹಡಗು ಹಾರಿಸುತ್ತದೆ. ಜಗತ್ತಿನ ಸೇವಾ ರಫ್ತಿನಲ್ಲಿ ಇಡೀ ಆಫ್ರಿಕಾ ಖಂಡದ ಪಾಲು ಶೇ. 2ರ ಆಸುಪಾಸು. ಆದರೆ ಯಾವ ದೊಡ್ಡ ಬಂದರಿನಲ್ಲಿ ನಿಂತು ನೋಡಿದರೂ ಅದೇ ಖಂಡದ ಲೈಬೀರಿಯಾದ ಬಾವುಟ ಹೊತ್ತ ಹಡಗು ಕಣ್ಣಿಗೆ ಬೀಳುತ್ತದೆ. ಹಡಗಿನ ಒಡೆಯ ಲೈಬೀರಿಯಾದವನಲ್ಲ, ನಾವಿಕರೂ ಅಲ್ಲಿಯವರಲ್ಲ, ನೋಂದಣಿ ವ್ಯವಹಾರ ನಡೆಸುವ ಸಂಸ್ಥೆ ಕುಳಿತಿರುವುದು ಅಮೆರಿಕದ ವರ್ಜೀನಿಯಾದಲ್ಲಿ. ಮಂಗೋಲಿಯಾ ಇದಕ್ಕಿಂತ ಒಂದು ಕೈ ಮೇಲು. ಸುತ್ತ ಹುಡುಕಿದರೂ ಒಂದು ಬೊಗಸೆ ಕಡಲ ನೀರು ಸಿಗದ ಆ ದೇಶ 2003ರಲ್ಲಿ ಹಡಗು ನೋಂದಣಿ ಶುರು ಮಾಡಿತು, ಕಚೇರಿ ಸಿಂಗಾಪುರದಲ್ಲಿ!

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಆಂಗ್ವಿಲಾ. ಕೆರಿಬಿಯನ್ ಕಡಲಿನ ಚುಕ್ಕೆ, ಜನಸಂಖ್ಯೆ ಹದಿನಾರು ಸಾವಿರದಷ್ಟು. ಅಂತರ್ಜಾಲದ ವಿಳಾಸ ಹಂಚಿದಾಗ ಈ ದ್ವೀಪಕ್ಕೆ ಬಂದ ಬಾಲಂಗೋಚಿ ‘ಡಾಟ್ ಎಐ’. ಕೃತಕ ಬುದ್ಧಿಮತ್ತೆಯ ಗಾಳಿ ಬೀಸಿದ್ದೇ ತಡ, ಕಂಪನಿಗಳು ಆ ಎರಡಕ್ಷರಕ್ಕೆ ಮುಗಿಬಿದ್ದವು. 2023ರಲ್ಲಿ ಬಂದ ಶುಲ್ಕ ಸುಮಾರು 3.2 ಕೋಟಿ ಡಾಲರ್, ಸರ್ಕಾರದ ಆದಾಯದ ಐದನೇ ಒಂದು ಪಾಲು. ನಾನು ಮೂವತ್ತು ವರ್ಷ ಅಕ್ಷರ ಕಲಿಸಿ ಪಿಂಚಣಿ ಪಡೆಯುತ್ತಿದ್ದೇನೆ; ಅಕ್ಷರ ಮಾರಬೇಕೆಂದು ಹೊಳೆಯಲೇ ಇಲ್ಲ.

ನಮ್ಮ ಭಾರತವೂ ಹಿಂದೆ ಬಿದ್ದಿಲ್ಲ ಬಿಡಿ. 2024–25ರಲ್ಲಿ ಸುಮಾರು 387 ಶತಕೋಟಿ ಡಾಲರಿನ ಸೇವೆಗಳನ್ನು ಹೊರಗೆ ಕಳಿಸಿದೆವು. ಬಹುಪಾಲು ಬೆಂಗಳೂರಿನಂಥ ಊರುಗಳಿಂದ ಒಂದನೆಯ ಬಾಗಿಲಲ್ಲಿ ಹೋದ ಕಡತಗಳು. ಕಡತಕ್ಕೆ ವೀಸಾ ಬೇಡ. ಸುಂಕವೂ ಇರಲಿಲ್ಲ: ಅಂತರ್ಜಾಲದಲ್ಲಿ ಹರಿಯುವುದಕ್ಕೆ 1998ರಲ್ಲಿ ತಾತ್ಕಾಲಿಕ ಎಂದು ಕೊಟ್ಟ ವಿನಾಯಿತಿ ಮುಂದೂಡುತ್ತ ಮುಂದೂಡುತ್ತ ವಿಶ್ವ ವ್ಯಾಪಾರ ಸಂಸ್ಥೆಯ 2024ರ ಅಬುಧಾಬಿ ಸಭೆಯಲ್ಲೂ ತಾತ್ಕಾಲಿಕವಾಗಿಯೇ ಮುಂದುವರಿಯಿತು. ಕಡತ ಬರೆದ ಹುಡುಗ ಅದರ ಹಿಂದೆಯೇ ಅಮೆರಿಕಕ್ಕೆ ಹೊರಟರೆ ಮಾತ್ರ ಕತೆ ಬೇರೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು ಹೊಸ ಎಚ್‌-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೊರಿಸಿದರು. ಸೇವೆ ಬರಲಿ, ಸೇವಕ ಬೇಡ.

ಎಳನೀರಣ್ಣನ ಮಗ ಯೋಗ ಕಲಿಸುತ್ತಾನೆ. ಒಳ್ಳೆಯ ಕೈ, ಬೆನ್ನು ಹಿಡಿದುಕೊಂಡಿದ್ದ ನನ್ನನ್ನೇ ಬಗ್ಗಿಸಿ ಸರಿ ಮಾಡಿದವನು. ಅವನಲ್ಲಿ ಕಲಿತ ಒಬ್ಬಳು ಯುರೋಪಿನ ತನ್ನೂರಿನಲ್ಲಿ ಎರಡು ವಾರದ ಶಿಬಿರಕ್ಕೆ ಕರೆದಳು. ಅರ್ಜಿ, ಬ್ಯಾಂಕಿನ ಆರು ತಿಂಗಳ ಲೆಕ್ಕ, ಮನೆಯ ಪತ್ರ, ಅಪ್ಪನ ಆದಾಯದ ಪುರಾವೆ. ಎಳನೀರು ಮಾರುವವರ ಆದಾಯಕ್ಕೆ ಪುರಾವೆ ಎಲ್ಲಿಂದ ತರುವುದು, ಸಿಪ್ಪೆ ಎಣಿಸಿ ಕೊಡಬೇಕೆ? ಮೂರು ವಾರದ ನಂತರ ಉತ್ತರ ಬಂತು: ವೀಸಾ ಮುಗಿಯುವುದರೊಳಗೆ ಇವನು ಹಿಂದಿರುಗುತ್ತಾನೆಂಬ ನಂಬಿಕೆ ನಮಗಿಲ್ಲ.

“ಕಟ್ಟಿದ ಹಣ?” ಎಂದು ಕೇಳಿದೆ.

“ಅದು ವಾಪಸ್ ಇಲ್ಲವಂತೆ ಮೇಷ್ಟ್ರೇ.”

ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ. ರಾಯಭಾರ ಕಚೇರಿಗೆ ಕಟ್ಟುವ ವೀಸಾ ಶುಲ್ಕವನ್ನು ಹಣಕಾಸು ನಿಧಿಯ ಆ ಕೈಪಿಡಿ ‘ಸರ್ಕಾರಿ ಸೇವೆ’ ಎಂದು ಬರೆಸಿಕೊಳ್ಳುತ್ತದೆ. ಹಾಗಾಗಿ ಎಳನೀರಣ್ಣನಿಗೆ ಇದನ್ನೂ ಹೇಳಲೇಬೇಕಾಯಿತು: ನಿಮ್ಮ ಮನೆಯವರು ಈಗ ಆಮದುದಾರರು ಕೂಡ. ಯುರೋಪಿನಿಂದ ಒಂದು ‘ಇಲ್ಲ’ ತರಿಸಿಕೊಂಡಿದ್ದೀರಿ. ಸುಮಾರು ಒಂಬತ್ತು ಸಾವಿರ ರೂಪಾಯಿ. ಕಾಯಿಗೆ ಅರವತ್ತರಂತೆ ನೂರೈವತ್ತು ಎಳನೀರು ರಫ್ತು ಮಾಡಿದರೆ ಲೆಕ್ಕ ಚುಕ್ತಾ.

ಅಷ್ಟರಲ್ಲಿ ಚಾಪೆ ಹೊತ್ತ ಆ ಶಿಷ್ಯೆಯೇ ಬಂದಳು. ಗುರು ಬರುವುದಿಲ್ಲವೆಂದು ತಿಳಿದು, ಶಿಬಿರ ರದ್ದು ಮಾಡಿ, ತಾನೇ ಇನ್ನೆರಡು ವಾರ ಮೈಸೂರಿನಲ್ಲಿ ಉಳಿಯುವುದೆಂದು ತೀರ್ಮಾನಿಸಿದ್ದಳು. ಅವಳನ್ನು ಹಿಂದಿರುಗುತ್ತೀಯಾ ಎಂದು ಯಾರೂ ಕೇಳಲಿಲ್ಲ. ಎಳನೀರಣ್ಣ ತೆಳುಗಂಜಿಯ ಕಾಯೊಂದನ್ನು ಆರಿಸಿ, ತಟ್ಟಿ, ಮೂರು ಏಟು ಹಾಕಿ ಕೊಟ್ಟರು. ದಿನಕ್ಕೊಂದರಂತೆ ಬೆರಳು ಮಡಿಸಿ ಎಣಿಸಿ, ನನ್ನ ಕಡೆ ತಿರುಗಿದರು.

“ಇನ್ನು ನೂರ ಮೂವತ್ತಾರು, ಮೇಷ್ಟ್ರೇ.”